ಸವುಳು ನೀರಿನ ಮನೆ

ಸಾಲ ಪಾಸಾದ ದಿನ ಹೇಮಾವತಿ ಪೇಡೆ ಹಂಚಿದಳು. ಮಾಡಬಾರದಿದ್ದ ಕೆಲಸ ಅದೊಂದೇ, ಅದನ್ನೇ ಮಾಡಿದಳು.

ಆಕೆ ಕುಷ್ಟಗಿಯ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ಗಂಡ ರಾಮಾಂಜನೇಯ ಬಸ್ ಕಂಡಕ್ಟರ್. ಹಿಂದೆ ಎರಡು ಸಲ ಮನೆ ನೋಡಿ, ಮನಸ್ಸಿಗೆ ಹಿಡಿಸಿ, ಸಾಲಕ್ಕೆಂದು ಬ್ಯಾಂಕಿಗೆ ತಿರುಗುವಷ್ಟರಲ್ಲಿ ಕೈಯಲ್ಲಿ ರೊಕ್ಕ ಹಿಡಿದವರು ಬಂದು ಆ ಮನೆಗಳನ್ನು ಬರೆಸಿಕೊಂಡು ಹೋಗಿದ್ದರು. ಅದಕ್ಕೇ ಈ ಸಲ ಆಕೆ ಪದ್ಧತಿ ತಿರುಗಿಸಿದಳು. ಮೊದಲು ಸಾಲ, ಆಮೇಲೆ ಮನೆ. ಬ್ಯಾಂಕಿನವರು ಇಬ್ಬರ ಪಗಾರ ನೋಡಿ ಮಂಜೂರಾತಿ ಪತ್ರ ಕೊಟ್ಟರು. ಮೂರು ತಿಂಗಳೊಳಗೆ ಕಾಗದಪತ್ರ ಚೊಕ್ಕ ಇರುವ ಮನೆ ತೋರಿಸಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

ಪೇಡೆ ವಾರ್ಡಿಗೆ ಹೋಯಿತು, ಡಿಪೋಗೆ ಹೋಯಿತು, ಒಂದು ಡಬ್ಬಿ ಬಾಡಿಗೆ ಮನೆಯ ಮಾಲೀಕ ವಿರೂಪಾಕ್ಷಪ್ಪನ ಬಟ್ಟೆ ಅಂಗಡಿಗೂ ಹೋಯಿತು. ವಿರೂಪಾಕ್ಷಪ್ಪ ಪೇಡೆ ಬಾಯಿಗೆ ಹಾಕಿಕೊಂಡು, “ಛಲೋ ಆತ್ ಬಿಡ್ರಿ ಸಿಸ್ಟರ್. ಇನ್ನ ಸ್ವಂತ ಮನಿಗೆ ಹೊಂಟ್ರಿ” ಎಂದ. ಸಾಲ ಬೇರೆ, ಮನೆ ಬೇರೆ ಎಂದು ತಿಳಿಸಿ ಹೇಳಬೇಕೆಂದುಕೊಂಡಳು. ಸಂತೋಷದ ಗಳಿಗೆಯಲ್ಲಿ ಅದನ್ನೆಲ್ಲ ಯಾರು ಬಿಡಿಸಿ ಹೇಳುತ್ತಾರೆ? ನಕ್ಕು ಬಂದಳು.

ಮರುವಾರವೇ ವಿರೂಪಾಕ್ಷಪ್ಪ ಹೊಸ ಬಾಡಿಗೆದಾರರನ್ನು ಕರೆತರತೊಡಗಿದ. ಆಕೆ ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತರೆ ಯಾರೋ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಪಾಟು ಎಣಿಸುತ್ತಿದ್ದರು.

ಅಲ್ಲಿಂದ ಹೇಮಾವತಿಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ದಾರಿಯಲ್ಲಿ ಕಂಡ ಪ್ರತಿ ಗೇಟಿನ ಒಳಗೂ ಇಣುಕಿದಳು. ಸೊಸೆಯ ಹೆರಿಗೆಗೆಂದು ಬಂದ ಅತ್ತೆಯರನ್ನೂ ಬಿಡಲಿಲ್ಲ. ಒಳಗೆ ಸೊಸೆ ಕೂಗುತ್ತಿದ್ದರೆ ಹೊರಗೆ ಈಕೆ, “ನಿಮ್ಮ ಓಣ್ಯಾಗ ಮನಿ ಮಾರೋದು ಏನರ ಐತೇನ್ರಿ?” ಎಂದು ಕೇಳುತ್ತಿದ್ದಳು. ದಲ್ಲಾಳಿ ಅಯ್ಯಪ್ಪ ವಾರಕ್ಕೊಂದು ಮನೆ ತೋರಿಸಿದ. ಒಂದು ಮನೆ ಸತ್ತ ಅಜ್ಜನ ಹೆಸರಿನಲ್ಲಿತ್ತು, ಅಜ್ಜನ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇನ್ನೊಂದಕ್ಕೆ ಗೋಡೆ ಇತ್ತು, ಚಾವಣಿ ಇತ್ತು, ಖಾತೆಯೇ ಇರಲಿಲ್ಲ. ಬ್ಯಾಂಕಿನ ವಕೀಲರು ಎಲ್ಲದಕ್ಕೂ ತಲೆಯಾಡಿಸಿ ಫೈಲು ವಾಪಸು ಕೊಟ್ಟರು.

ಇತ್ತ ಬಾಡಿಗೆ ಮನೆ ಕೈಬಿಟ್ಟರೆ ಬೀದಿಯೇ ಗತಿ. ಆಗ ಹೇಮಾವತಿ ಒಂದು ಉಪಾಯ ಹೂಡಿದಳು. ನೋಡಲು ಬಂದ ಹೆಂಗಸರನ್ನು ಒಳಗೆ ಕರೆದು, ಚಹಾ ಕೊಟ್ಟು, ದನಿ ತಗ್ಗಿಸಿ, “ಹೇಳಬಾರದ್ರಿ, ಹೆಣ್ಣಮಗಳಂತ ಹೇಳಾಕತ್ತೀನಿ” ಎಂದು ಶುರು ಮಾಡುತ್ತಿದ್ದಳು. ಹಿಂದಿನ ಮೋರಿ ಮಳೆಗಾಲದಲ್ಲಿ ಮನೆಯೊಳಗೇ ಬರುತ್ತದೆ, ಮಲಗುವ ಕೋಣೆಯಲ್ಲಿ ಜರಿಹುಳ ಓಡಾಡುತ್ತವೆ. ಎಲ್ಲ ಶುದ್ಧ ಸುಳ್ಳು. ಬಂದವರು ಅರ್ಧ ಚಹಾ ಬಿಟ್ಟು ಎದ್ದು ಹೋಗುತ್ತಿದ್ದರು. ಮಗ್ಗುಲ ಮನೆಯ ಹುಡುಗಿಗೆ ಸುಳ್ಳು ಹೇಳಬಾರದೆಂದು ಬುದ್ಧಿ ಹೇಳುತ್ತಿದ್ದವಳು ಈಕೆಯೇ. ನಾಚಿಕೆಯಾಗುತ್ತಿತ್ತು. ಆದರೂ ಬಾಯಿ ನಿಲ್ಲಲಿಲ್ಲ.

ವಿರೂಪಾಕ್ಷಪ್ಪನಿಗೆ ವಾಸನೆ ಹತ್ತಿತು. ಮನೆಗೆ ಬಂದು ಕಟ್ಟೆಯ ಮೇಲೆ ಕೂತು, “ಸಿಸ್ಟರ್, ಈ ತಿಂಗಳ ಕಡೀಕ ಕೀಲಿ ಕೊಟ್ಟುಬಿಡ್ರಿ. ಮನಿ ಖಾಲಿ ಇಟ್ಟಾದ್ರೂ ಇಟ್ಟಗೊಳ್ತೀನಿ” ಎಂದ. ಮಂಜೂರಾತಿಯ ಗಡುವೂ ಆ ತಿಂಗಳೇ ಮುಗಿಯುತ್ತಿತ್ತು.

ಆಗ ಅಯ್ಯಪ್ಪ ತಾವರಗೇರಾ ರಸ್ತೆಯ ಮನೆ ತಂದ. ಮಾಲೀಕ ಹುಚ್ಚೀರಪ್ಪ, ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಪಾಲು ಹಿಡಿಯುವ ಉಮೇದಿನಲ್ಲಿ ಮನೆ ಮಾರಲು ಹೊರಟಿದ್ದ. ಕಾಗದ ವಕೀಲರಿಗೆ ಮೊದಲೇ ಹೋಗಿ ಚೊಕ್ಕ ಎನ್ನಿಸಿಕೊಂಡು ಬಂದಿತ್ತು. ಹೇಮಾವತಿ ಗಂಡನೊಂದಿಗೆ ಅಂಗಳಕ್ಕೆ ಕಾಲಿಟ್ಟಳು. ಅಂಗಳದಲ್ಲಿ ಬೇವಿನ ನೆರಳು, ಒಳಗೆ ತಂಪು ನಡುಮನೆ. ಇದೇ, ಎಂದುಕೊಂಡಳು.

ಗಂಡಸರು ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ಹುಚ್ಚೀರಪ್ಪನ ಹೆಂಡತಿ ಫಕೀರಮ್ಮ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಹೇಮಾವತಿಯನ್ನು ಅಡುಗೆಮನೆಗೆ ಕರೆದಳು. ಚಹಾ ಕೊಟ್ಟಳು. ಹೊರಗೆ ಒಮ್ಮೆ ಇಣುಕಿ ನೋಡಿ ದನಿ ತಗ್ಗಿಸಿದಳು.

“ಹೇಳಬಾರದ್ರಿ ಸಿಸ್ಟರ್, ಹೆಣ್ಣಮಗಳಂತ ಹೇಳಾಕತ್ತೀನಿ. ಬೋರಿನ ನೀರು ಬರೇ ಸವುಳು. ಬ್ಯಾಳಿ ಬೇಯಂಗಿಲ್ಲ, ತಲಿ ತೊಳಕೊಂಡ್ರ ಕೂದ್ಲ ಉದುರತಾವ. ಕುಡಿಯಾಕ ದಿನಾ ಕ್ಯಾನ್ ತರಸ್ತೀವಿ.”

ಹೇಮಾವತಿಯ ಕೈಯಲ್ಲಿ ಬಟ್ಟಲು ಹಾಗೇ ನಿಂತಿತು. ಆ ಮಾತು, ಆ ತಗ್ಗಿದ ದನಿ, ಬಾಗಿಲ ಕಡೆಯ ಆ ನೋಟ. ಇಷ್ಟು ದಿನ ತಾನೇ ಆಡುತ್ತಿದ್ದ ಆಟ ಅದು, ಆಕೆಗೆ ಗುರುತು ಸಿಗದೆ ಇದ್ದೀತೆ?

“ಅಕ್ಕಾರ, ಕೈ ತೊಳಕೊಂಡು ಬರ್ತೀನಿ” ಎಂದು ಹಿತ್ತಲಿಗೆ ಹೋದಳು. ಬೋರಿನ ನಳ ತಿರುವಿ, ಬೊಗಸೆ ಒಡ್ಡಿ, ಒಂದು ಗುಟುಕು ಕುಡಿದಳು. ಎಳನೀರಿನಂಥ ನೀರು. ಕುಷ್ಟಗಿಯಲ್ಲಿ ಇಂಥ ನೀರು ಬಿದ್ದ ಬೋರು ಎಷ್ಟಿವೆ? ಮನೆಗಿಂತ ಮೊದಲು ನೀರಿಗೇ ಜನ ಮುಗಿಬೀಳುತ್ತಾರೆ.

ತಿರುಗಿದರೆ ಫಕೀರಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ನಿಮಗ ಹೋಗಾಕ ಮನಸಿಲ್ಲಲ್ಲ ಅಕ್ಕಾರ” ಎಂದಳು ಹೇಮಾವತಿ.

“ನನ್ನ ಯಾರ ಕೇಳ್ಯಾರ?” ಎಂದಳು ಫಕೀರಮ್ಮ. “ಕಾರಟಗ್ಯಾಗ ಬಾಡಿಗಿ ಮನಿ ಹಿಡದಾರಂತ. ನಾ ಇನ್ನೂ ನೋಡಿಲ್ಲ.”

ಹೊರಗಿನಿಂದ ರಾಮಾಂಜನೇಯ ಕೂಗಿದ. “ಹೇಮಾ, ನೀರು ಹೆಂಗದಾವ ನೋಡಿದೇನು? ಸವುಳು ಅಂತ ಓಣ್ಯಾಗ ಯಾರೋ ಅಂದ್ರಂತ. ಸವುಳಿದ್ರ ಬ್ಯಾಡ, ಬಿಟ್ಟುಬಿಡೋಣು.”

ಓಣಿಯಲ್ಲಿ ಆ ಸುದ್ದಿ ಹಬ್ಬಿಸಿದವರು ಯಾರೆಂದು ಕೇಳುವುದೇ ಬೇಕಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸವುಳು ಎಂದರೆ ಮುಗಿಯಿತು. ಈ ಹೆಂಗಸಿಗೆ ಇನ್ನೊಂದು ತಿಂಗಳೋ ಎರಡು ತಿಂಗಳೋ ಈ ಮನೆಯಲ್ಲಿ ಉಸಿರಾಡಲು ಸಿಗುತ್ತದೆ. ಆಮೇಲೆ ಯಾರೋ ಒಬ್ಬರು ನಳ ತಿರುವಿಯೇ ತಿರುವುತ್ತಾರೆ. ಹಾಗೆಂದು ಹೇಮಾವತಿ ತನಗೆ ತಾನೇ ಹೇಳಿಕೊಂಡಳು. ಸಮಾಧಾನವಾಗಲಿಲ್ಲ. ಮಂಜೂರಾತಿ ನೆನಪಾಯಿತು, ಕಟ್ಟೆಯ ಮೇಲೆ ಕೂತ ವಿರೂಪಾಕ್ಷಪ್ಪ ನೆನಪಾದ. ಎಲ್ಲಕ್ಕಿಂತ ಹೆಚ್ಚಾಗಿ ಈ ಮನೆ ಆಕೆಗೆ ಬೇಕಾಗಿತ್ತು, ಹಸಿದವರಿಗೆ ಅನ್ನ ಬೇಕಾಗುವ ಹಾಗೆ.

“ಸೀ ಅದಾವ್ರಿ” ಎಂದು ಕೂಗಿ ಹೇಳಿದಳು. “ಭಾಳ ಸೀ ಅದಾವ.”

ಹೊರಗೆ ಅಯ್ಯಪ್ಪ ನಕ್ಕದ್ದು ಕೇಳಿಸಿತು. ಕುರ್ಚಿಗಳು ಹತ್ತಿರ ಸರಿದ ಸದ್ದಾಯಿತು. ಹೇಮಾವತಿ ನೆಲ ನೋಡುತ್ತಾ ನಿಂತಳು. ಬೈಗುಳ ಬರುತ್ತದೆ ಎಂದುಕೊಂಡಳು, ಬಂದಿದ್ದರೆ ಒಳ್ಳೆಯದೇ ಆಗುತ್ತಿತ್ತು.

ಫಕೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬಹುವಚನ ಬಿಟ್ಟು, “ಬಾ ತಂಗಿ” ಎಂದಳು.

ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. “ಬ್ಯಾಸಗ್ಯಾಗ ಈ ಕಿಡಕಿ ಕೆಳಗ ಮಕ್ಕೋ, ಗಾಳಿ ಇಲ್ಲೇ ಬರತೈತಿ. ಬೇವಿನ ಗಿಡ ಕಡಸಬ್ಯಾಡ. ದೇವರ ಮಾಡಕ್ಕ ಮುಂಜಾನಿ ಬಿಸಲು ಬರತೈತಿ, ದೀಪ ಅಲ್ಲೇ ಇಡು.” ಹೇಮಾವತಿಗೆ ತಲೆ ಎತ್ತಲಾಗಲಿಲ್ಲ.

ಮೂಲೆಯ ಕೋಣೆಯ ಮುಂದೆ ಫಕೀರಮ್ಮ ನಿಂತಳು. “ಈ ಬಾಗಲಾ ಭಾಳ ಬಿಗಿ. ನೂಕಬ್ಯಾಡ. ಹಿಂಗ ತುಸು ಮ್ಯಾಲೆತ್ತಿ ಒತ್ತು.”

ಹೇಮಾವತಿ ಹಿಡಿಕೆ ಹಿಡಿದು ಮೇಲೆತ್ತಿ ಒತ್ತಿದಳು. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.

“ಹಾಂ, ಹಂಗ” ಎಂದಳು ಫಕೀರಮ್ಮ. “ನಮ್ಮನಿಯವರಿಗೆ ಅದು ಇವತ್ತಿಗೂ ಬರಂಗಿಲ್ಲ.”