ತಗಡಿನ ಡಬ್ಬದಲ್ಲಿ ಕೇಳಿಸದ ಜ್ವರ

ಹಂದಿಗೆ ಹಸಿವಾದರೆ ಇಡೀ ಕೇರಿಗೆ ಕೇಳಿಸುತ್ತದೆ. ಜ್ವರ ಬಂದರೆ ಸಾಕಿದವರಿಗೂ ಕೇಳಿಸುವುದಿಲ್ಲ, ಸುಮ್ಮನೆ ಮಲಗಿಬಿಡುತ್ತದೆ. ಹೊನ್ನಾವರದ ಹತ್ತಿರ ಹೊಳೆಯಂಚಿನಲ್ಲಿ ಮನೆ ಮಾಡಿಕೊಂಡಿದ್ದ ರೋಜಿಬಾಯಿ, ಹೋದ ಮಳೆಗಾಲದಲ್ಲಿ ಹಾಗೆ ಮಲಗಿದ್ದ ಗಬ್ಬದ ಹಂದಿಯನ್ನು ನೋಡಿ, ಮೀನು ತಿಂದು ಹೊಟ್ಟೆ ಭಾರವಾಗಿರಬೇಕು ಅಂದುಕೊಂಡಿದ್ದಳು. ಮರುದಿನ ಅದು ಏಳಲೇ ಇಲ್ಲ. ಸದ್ದಿಲ್ಲದ ಆ ಗೂಡು ಅವಳ ಮನಸ್ಸಿನಿಂದ ಹೋಗಿರಲಿಲ್ಲ.

ಈ ವರ್ಷ ಇನ್ನೊಂದು ಹಂದಿ ಗಬ್ಬವಾಗಿತ್ತು. ಪಶು ಆಸ್ಪತ್ರೆಯ ಜಯಶ್ರೀ ಬಂದು ಅದರ ಕಿವಿಗೆ ಗುಂಡಿಯಂಥದೊಂದನ್ನು ಚುಚ್ಚಿದರು. ರೋಜಿಯ ಕೈಗೆ ಒಂದು ಪುಟ್ಟ ಪೆಟ್ಟಿಗೆ ಕೊಟ್ಟರು. ಅಷ್ಟರಲ್ಲಿ ನೆರೆಮನೆಯ ಮಾಸ್ತಮ್ಮ ಪಕ್ಕದ ಕಾಸರಕೋಡಿನ ಮೀನು ಬಂದರಿನಿಂದ ಹಂದಿಗೆಂದು ಮೀನಿನ ತಲೆಗಳನ್ನು ತಂದಳು.

"ಎಂತ ಬಾಯಿ, ಹಂದಿಗೆ ಓಲೆ ಹಾಕ್ಸಿದ್ಯೆ? ಮದುವೆ ಯಾವಾಗ?"

ಜಯಶ್ರೀ ನಕ್ಕರು. "ಓಲೆ ಅಲ್ಲ ಮಾಸ್ತಮ್ಮ, ಸೆನ್ಸರ್. ಹಂದಿಯ ಮೈ ಬಿಸಿ, ಓಡಾಟ ನೋಡ್ತದೆ. ತಂತಿ ಬೇಡ. ರೇಡಿಯೋಗೆ ಹಾಡು ಬಂದ ಹಾಗೆ ಗಾಳಿಯಲ್ಲೇ ಈ ಪೆಟ್ಟಿಗೆಗೆ ಸುದ್ದಿ ಬರ್ತದೆ. ಹಸಿರು ದೀಪ ಮಿಣುಕಿದ್ರೆ ಸುದ್ದಿ ಬರ್ತಾ ಇದೆ ಅಂತ. ಜ್ವರ ಬಂದ್ರೆ ಕೆಂಪು ದೀಪ, ಜೊತೆಗೆ ಕೂಗು. ನಿಮ್ಮಂಥವರ ಕೈಗೆಟುಕಲಿ ಅಂತ್ಲೇ ಕಡಿಮೆ ಬೆಲೇಲಿ ಮಾಡಿದ್ದು. ಈಗ ಪರೀಕ್ಷೆಗೆ ಕೊಡ್ತಾ ಇದ್ದೇವೆ."

"ಗಂಡನ ಜ್ವರವೇ ನಂಗೆ ಮುಟ್ಟಿ ನೋಡದೆ ತಿಳಿಯೂದಿಲ್ಲ. ಇದ್ಕೆ ದೂರದಿಂದ್ಲೇ ತಿಳೀತದ್ಯಾ?" ಎಂದಳು ಮಾಸ್ತಮ್ಮ.

ರೋಜಿ ಮಿಣುಕುವ ದೀಪವನ್ನೇ ನೋಡುತ್ತಿದ್ದಳು.

ಉಪ್ಪುಗಾಳಿಗೆ ಬಾಗಿಲ ಚಿಲಕವೂ ತುಕ್ಕು ಹಿಡಿಯುವ ಊರು. ಬೆಂಕಿಪೊಟ್ಟಣ, ಗಡಿಯಾರ, ಮಕ್ಕಳ ಫೋಟೋ, ಎಲ್ಲವನ್ನೂ ಅವಳು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಮುಚ್ಚಿಡುತ್ತಿದ್ದಳು. ಈ ಪೆಟ್ಟಿಗೆಯನ್ನೂ ಬಟ್ಟೆಯಲ್ಲಿ ಸುತ್ತಿ ಅದರೊಳಗೇ ಇಟ್ಟಳು. ಕೂಗಿದರೆ ಕೇಳಿಸುತ್ತದಲ್ಲ!

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಮಾಸ್ತಮ್ಮ ಮೀನು ಸುರಿದರೂ ಹಂದಿ ಮೂತಿ ಎತ್ತಲಿಲ್ಲ.

"ಬೆಳಗಿನದೇ ಕರಗಿಲ್ಲ ಕಾಣ್ತದೆ. ನಿನ್ನ ಪೆಟ್ಟಿಗೆ ಕೂಗಿಲ್ಲ ಅಲ್ಲಾ? ಮತ್ತೆಂತ ಹೆದರಿಕೆ?"

ಪೆಟ್ಟಿಗೆ ಕೂಗಿರಲಿಲ್ಲ, ನಿಜ. ಆದರೆ ಈ ಮೌನದ ಪರಿಚಯ ರೋಜಿಗೆ ಇತ್ತು. ಒಳಗೆ ಹೋಗಿ ಡಬ್ಬ ತೆರೆದಳು. ಬಟ್ಟೆ ಬಿಡಿಸಿದಳು. ಹಸಿರು ದೀಪವಿಲ್ಲ. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಅಂಗಳಕ್ಕೆ ಬರುತ್ತಿದ್ದ ಹಾಗೆ ಹಸಿರು ಮಿಣುಕಿತು. ಹಿಂದೆಯೇ ಕೆಂಪು ಹೊತ್ತಿ, ಕೀ ಕೀ ಎಂದು ಕೂಗತೊಡಗಿತು.

"ಅಯ್ಯೋ! ಇಷ್ಟೊತ್ತು ಎಂತ ಮಾಡ್ತಿತ್ತು ಇದು?" ಎಂದಳು ಮಾಸ್ತಮ್ಮ.

ರೋಜಿ ಅಂಗಡಿಯ ಕಾಯಿನ್ ಫೋನಿಗೆ ಓಡಿದಳು. ಜಯಶ್ರೀ ಡಾಕ್ಟರನ್ನು ಕರೆದುಕೊಂಡು ಬಂದರು. ಇಂಜೆಕ್ಷನ್ ಕೊಟ್ಟಾದ ಮೇಲೆ ರೋಜಿ ಪೆಟ್ಟಿಗೆ ಇಟ್ಟಿದ್ದ ಡಬ್ಬವನ್ನು ಜಯಶ್ರೀಗೆ ತೋರಿಸಿದಳು.

"ಬಾಯಿ, ತಗಡು ಮುಚ್ಚಿದ್ರೆ ಒಳಗೆ ಸುದ್ದಿ ಹೋಗೂದಿಲ್ಲ. ಕೂಗಲಿಲ್ಲ ಅಂದ್ರೆ ಹಂದಿ ಆರಾಮ ಅಂತ ಅಲ್ಲ. ಹಸಿರು ದೀಪ ಇದ್ಯಾ ಅಂತ ದಿನಾ ನೋಡ್ಬೇಕು. ಉಪ್ಪುಗಾಳಿಗೆ ಪ್ಲಾಸ್ಟಿಕ್ ಸುತ್ತಿದ್ರೆ ಸಾಕು. ಇನ್ನೂ ತಡ ಆಗಿದ್ರೆ…"

ರೋಜಿ ಆಗಲೇ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತತೊಡಗಿದಳು.

ಜ್ವರ ಇಳಿದ ಬೆಳಿಗ್ಗೆ ಹಂದಿ ಹಸಿವಿನಿಂದ ಕಿರುಚಿದ್ದು ಇಡೀ ಕೇರಿಗೆ ಕೇಳಿಸಿತು. ಮಾಸ್ತಮ್ಮ ಮೀನಿನ ಜೊತೆ ಹಳೆಯ ಬಲೆಯ ತುಂಡಿನಿಂದ ಹೆಣೆದ ಚೀಲವನ್ನೂ ತಂದು ಜಗಲಿಯ ಕಂಬಕ್ಕೆ ಕಟ್ಟಿದಳು.

"ಪೆಟ್ಟಿಗೆ ಇದ್ರಲ್ಲಿ ಇರ್ಲಿ. ಮರಿ ಹಾಕುವವರೆಗೆ ನಾನೂ ದಿನಾ ದೀಪ ನೋಡ್ಕೊಂಡೇ ಹೋಗ್ತೆ."

"ಆತು," ಎಂದು ರೋಜಿ ನಕ್ಕಳು. "ಓಲೆ ಹಾಕ್ಸಿದವ್ರ ಮನೆಗೆ ನೆಂಟ್ರು ಬರೂದೇ!"

ನಿಮ್ಮ ಗೂಡಿನ ಹಂದಿ ಇವತ್ತು ಸುಮ್ಮನೆ ಮಲಗಿದೆಯೇ? ಹೊಟ್ಟೆ ತುಂಬಿದೆ ಎಂದು ತಿರುಗಿ ಬರಬೇಡಿ. ಹತ್ತಿರ ಹೋಗಿ ನೋಡಿ. ಸೆನ್ಸರ್ ಸಿಕ್ಕರೆ ಹಾಕಿಸಿ. ಪೆಟ್ಟಿಗೆಯನ್ನು ತಗಡಿನಲ್ಲಿ ಮುಚ್ಚಿಡದೆ ಕಣ್ಣೆದುರೇ ತೂಗುಹಾಕಿ. ಕೆಂಪು ದೀಪ ಹೊತ್ತಿದ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಜ್ವರ ಬಂದ ಹಂದಿ ಕೂಗುವುದಿಲ್ಲ. ಅದರ ಪರವಾಗಿ ಕೂಗಬೇಕಾದವರು ನೀವು.