ನಮ್ಮ ಭಾವನ ತೋಳುಗಳು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಯಾವ ಬಾಗಿಲನ್ನೂ ನೇರವಾಗಿ ದಾಟಿದವರಲ್ಲ. ಆನೆ ನುಗ್ಗುವಷ್ಟು ಅಗಲದ ಬಾಗಿಲಿದ್ದರೂ ಗಳಿಗೆ ನಿಂತು, ಭುಜ ಓರೆ ಮಾಡಿ, ಅಡ್ಡಡ್ಡಲಾಗಿಯೇ ಒಳಗೆ ಬರುವರು. ತಮ್ಮ ದೇಹವಿಸ್ತಾರಕ್ಕೆ ಲೋಕದ ಬಡಗಿಗಳು ಇನ್ನೂ ಸಿದ್ಧರಾಗಿಲ್ಲವೆಂಬ ವಿನಯಪೂರ್ವಕ ಅಹಂಕಾರ ಆ ನಡಿಗೆಯಲ್ಲಿತ್ತು. ಹುಡುಗರಿಗೆ ಕಬ್ಬಿಣ ಎತ್ತುವುದನ್ನು ಕಲಿಸುವ ಜಿಮ್ಮೊಂದು ಅವರದು. ಚಳಿಯಲ್ಲೂ ತೋಳಿಲ್ಲದ ಬನಿಯನ್ನು, ಏನು ಕೇಳಿದರೂ ‘ಅದೇನ್ ಮಹಾ!’ ಎಂಬ ಉತ್ತರ. ಬೀರುವನ್ನು ಮಹಡಿಗೆ ಸಾಗಿಸಬೇಕೆ? ಅದೇನ್ ಮಹಾ! ಕಾರು ಕೆಸರಿನಲ್ಲಿ ಹೂತಿದೆಯೆ? ಅದೇನ್ ಮಹಾ!

ಮದುವೆಯಾಗಿ ವರ್ಷಗಳುರುಳಿದರೂ ಮಕ್ಕಳಾಗದ ವಿಷಯದಲ್ಲಿ ಮಾತ್ರ ಆ ಮಾತು ಅವರ ಬಾಯಿಗೆ ಬರಲಿಲ್ಲ. ಬಂಧುಬಳಗದ ಬೆರಳೆಲ್ಲ ಅಕ್ಕನತ್ತಲೇ. ತಪಾಸಣೆ ಅವಳಿಗೆ, ಮಾತ್ರೆ ಅವಳಿಗೆ, ಕಹಿಕಷಾಯ ಅವಳಿಗೆ, ಚುಚ್ಚುಮಾತೂ ಅವಳಿಗೇ. ಭಾವನನ್ನು ಪರೀಕ್ಷಿಸುವ ಯೋಚನೆ ಯಾರಿಗೂ ಹೊಳೆಯಲಿಲ್ಲ. ಆ ತೋಳುಗಳನ್ನು ಕಂಡಮೇಲೆ ಹೊಳೆಯುವುದಾದರೂ ಹೇಗೆ, ಹೇಳಿ!

ಕಡೆಗೆ, ಅಕ್ಕನಲ್ಲಿ ಯಾವ ದೋಷವೂ ಕಾಣದೆ, ಡಾಕ್ಟರಮ್ಮ ಭಾವನನ್ನೂ ಪರೀಕ್ಷೆಗೆ ಕರೆಸಿದರು. ಫಲಿತಾಂಶ ಕೇಳುವ ದಿನ ಅವರು ನನ್ನ ಬಳಿ ಬಂದು, ‘ಒಬ್ನೇ ಹೋಗೋಕೆ ಒಂಥರಾ ಆಗುತ್ತೆ ಕಣೋ, ಬಾ’ ಎಂದರು. ವೀರ್ಯಾಣು ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಬೀಜದ ರಕ್ತನಾಳಗಳು ಉಬ್ಬಿಲ್ಲವೆಂದು ಡಾಕ್ಟರಮ್ಮ ಮೊದಲೇ ನೋಡಿದ್ದರು. ಈಗ ಒಂದೊಂದಾಗಿ ಕೇಳಿದರು. ಪ್ರಾಯದಲ್ಲಿ ಮಂಗನಬಾವು ಬಂದು ಬೀಜ ಊದಿಕೊಂಡಿತ್ತೆ? ಸಿಗರೇಟು, ಕುಡಿತ? ಕುಲುಮೆಯಂಥ ಬಿಸಿಯಲ್ಲಿ ದುಡಿದದ್ದುಂಟೆ? ಭಾವ ತಲೆಯಲ್ಲಾಡಿಸುತ್ತಲೇ ಇದ್ದರು.

‘ಮೈ ಬೆಳೆಸೋಕೆ ಇಂಜೆಕ್ಷನ್ ಏನಾದ್ರೂ?’

‘ಛೆ ಛೆ, ಬರೀ ಹಾಲು, ಮೊಟ್ಟೆ’ ಎಂದರು ಭಾವ. ಕಿವಿ ಮಾತ್ರ ಕೆಂಡದ ಹಾಗಿತ್ತು.

ಹೊರಗೆ ಮೆಟ್ಟಿಲ ಬಳಿ ನನ್ನ ಕೈ ಹಿಡಿದು ಬಾಯಿಬಿಟ್ಟರು. ಜಿಮ್ಮು ತೆರೆದಂದಿನಿಂದಲೂ ಚುಚ್ಚಿಕೊಳ್ಳುತ್ತಿದ್ದರಂತೆ. ಅಷ್ಟೇ ಆಗಿದ್ದರೆ ಬೇರೆ ಮಾತು. ಮಗುವಾಗದಿರುವುದು ಗಂಡಸುತನ ಸಾಲದೆಯೇ ಇರಬೇಕೆಂದು ಒಳಗೊಳಗೇ ಹೆದರಿ, ಹೇಗೂ ಗಂಡಸಿನ ಹಾರ್ಮೋನೇ ಅಲ್ಲವೆ ಎಂದು, ಈಚೆಗೆ ಅದರ ಪ್ರಮಾಣವನ್ನು ಇಮ್ಮಡಿ ಮಾಡಿದ್ದರಂತೆ! ಅಯ್ಯೋ ಪುಣ್ಯಾತ್ಮ! ಆ ಬೆಟ್ಟದಂಥ ಆಳನ್ನು ನಾನು ದರದರ ಒಳಕ್ಕೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಬೈಯಲಿಲ್ಲ. ‘ದಿನಾ ಹೋಟೆಲಿಂದ ಊಟ ಬಂದ್ರೆ ಮನೇಲಿ ಒಲೆ ಹಚ್ಚೋರ್ಯಾರು? ಹಾರ್ಮೋನು ಹೊರಗಿಂದ ಬಂದ್ರೆ ಒಳಗಿನ ಕೆಲ್ಸ ನಿಂತೇ ಹೋಗುತ್ತೆ. ಇನ್ನು ಚುಚ್ಕೋಬೇಡಿ, ಔಷಧಿ ಕೊಡ್ತೀನಿ. ನಿಧಾನ ಆಗುತ್ತೆ. ತುಂಬಾ ಜನಕ್ಕೆ ಸರಿಹೋಗುತ್ತೆ, ಎಲ್ಲರಿಗೂ ಅಂತ ಹೇಳೋಕಾಗಲ್ಲ’ ಎಂದರು.

ದಾರಿಯುದ್ದಕ್ಕೂ ಭಾವನದು ಒಂದೇ ವರಾತ: ‘ನಿಮ್ಮಕ್ಕಂಗೆ ಹೇಳ್ಬೇಡ.’

‘ನಾನು ಹೇಳಲ್ಲ, ನೀವೇ ಹೇಳಿ’ ಎಂದೆ. ನನಗೆ ಉರಿದುಹೋಗಿತ್ತು.

ಅವರು ಹೇಳಲಿಲ್ಲ. ಅಕ್ಕ ಫಲಿತಾಂಶ ಕೇಳಿದಾಗಲೂ ಮಾತು ಹಾರಿಸಿದರು. ಇಂಜೆಕ್ಷನ್ ನಿಂತಿತು, ಮೈ ಇಳಿಯತೊಡಗಿತು. ಬನಿಯನ್ನಿನ ಜಾಗಕ್ಕೆ ತುಂಬುತೋಳಿನ ಕಪ್ಪು ಕೋಟು ಬಂತು. ಸುಡುಬೇಸಿಗೆಯಲ್ಲೂ ಬೆವರು ಸುರಿಸುತ್ತ ಅದನ್ನೇ ತೊಟ್ಟರು. ಸೊರಗಿದ ಮೇಲೂ ಬಾಗಿಲಲ್ಲಿ ಓರೆಯಾಗುವುದನ್ನು ಬಿಡಲಿಲ್ಲ. ಅದನ್ನು ನೋಡಿ ನನಗೇ ನಾಚಿಕೆಯಾಗುತ್ತಿತ್ತು.

ಅಂಥದೊಂದು ಮಧ್ಯಾಹ್ನ, ನಾನೂ ಅಲ್ಲಿದ್ದಾಗ, ಭಾವನ ಸೋದರತ್ತೆ ಕಷಾಯದ ಸೀಸೆ ಹಿಡಿದು ಬಂದರು. ‘ಇದನ್ನಾದ್ರೂ ನೆಟ್ಟಗೆ ಕುಡಿ. ನನ್ನ ಹುಲಿಯಂಥ ಹುಡುಗನ್ನ ಎಂಥ ಬರಡಿಗೆ ಕಟ್ಟಿಬಿಟ್ವಲ್ಲ!’ ಎಂದರು. ಅಕ್ಕ ರೂಢಿಯ ಪ್ರಕಾರ ಕೈ ಚಾಚಿದಳು.

ಹಾಗೆ ಸಲೀಸಾಗಿ ಚಾಚಿದ ಆ ಕೈಯನ್ನು ಭಾವ ನೋಡುತ್ತ ನಿಂತರು. ಆಮೇಲೆ ಸೀಸೆಯನ್ನು ತಾವೇ ಕಿತ್ತುಕೊಂಡರು.

‘ಅವಳದ್ದೇನೂ ಇಲ್ಲ ಅತ್ತೆ. ದೋಷ ನಂದು. ಈ ಮೈಯೆಲ್ಲಾ ಸೂಜೀದು. ಅದರಿಂದಾನೇ ಹೀಗಾಗಿದ್ದು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ.’

ಅಕ್ಕ ಅಳಲಿಲ್ಲ, ಕೂಗಾಡಲೂ ಇಲ್ಲ. ‘ಇಷ್ಟು ದಿನ ಎಲ್ಲಿ ಹೋಗಿತ್ತು ಈ ಬಾಯಿ?’ ಎಂದಷ್ಟೇ ಕೇಳಿ ಅಡುಗೆಮನೆಗೆ ನಡೆದಳು. ಭಾವ ಕೋಟು ಕಳಚಿ ಕುರ್ಚಿಯ ಮೇಲಿಟ್ಟು, ತಲೆ ತಗ್ಗಿಸಿ ಅವಳ ಹಿಂದೆಯೇ ಹೋದರು, ಬಾಗಿಲಲ್ಲಿ ಓರೆಯಾಗದೆ.

ಗಂಡಸುತನವನ್ನು ತೋಳಿನಲ್ಲಿ ಹೊತ್ತು ತಿರುಗುವವರ ಜಾತಿಯೇ ಹೀಗೆ: ನೋಡುವವರಿದ್ದರೆ ಎಂಥ ಭಾರವನ್ನೂ ಎತ್ತಿಯಾರು, ನಾಚಿಕೆಯೊಂದನ್ನು ಮಾತ್ರ ಸದ್ದಿಲ್ಲದೆ ಹೆಂಡತಿಯ ತಲೆಗೆ ದಾಟಿಸುತ್ತಾರೆ. ಅದನ್ನು ಮರಳಿ ಕೇಳಿ ಪಡೆಯುವವರು ಎಲ್ಲೋ ಒಬ್ಬರು. ಪಡೆದ ದಿನವೇ ಅವರಿಗೆ ತಿಳಿಯುವುದು, ಇಷ್ಟು ವರ್ಷ ಅವಳು ಎಷ್ಟು ಹೊತ್ತಿದ್ದಳೆಂದು.