ಗೂಟ ನೆಟ್ಟ ಬೆಳಗು

ಹೆಸೆಲ್‌ಡೀನ್ ಊರಿನ ಹೊಸ ಚರ್ಚಿಗೆ ಗುರುತು ಹಾಕಿದ ದಿನ, ತಾನೆಲ್ಲಿ ಹುಟ್ಟಬೇಕೆಂದು ತಿಳಿಯದೆ ಸೂರ್ಯನೇ ಗುಡ್ಡದ ಹಿಂದೆ ತಡಕಾಡುತ್ತಿದ್ದನಂತೆ. ಕಲ್ಲುಕುಟಿಗರ ಮೇಸ್ತ್ರಿ ಜೇಬೆಜ್ ಪಾರ್ಡೋ ಗೂಟ ಹೊಡೆದು, "ಇಲ್ಲಿ ಬಾರಪ್ಪ" ಎಂದು ಕೈಬೀಸಿದ ಮೇಲೆಯೇ ಇಂಗ್ಲೆಂಡಿಗೆ ಬೆಳಗಾದದ್ದು. ಈ ಮಾತಿಗೆ ಸಾಕ್ಷಿ ಜೇಬೆಜನೊಬ್ಬನೇ. ಮೂರು ವರ್ಷಗಳಲ್ಲಿ ಅದನ್ನು ಮೂರು ಸಾವಿರ ಸಲ ಹೇಳಿದ್ದ. ಅವನು ಕಟ್ಟಿದ ಗೋಪುರದ ತುದಿ ತಾಗಿ ಚಂದ್ರನ ಸುಣ್ಣ ಉದುರುತ್ತಿತ್ತು, ಅವನ ಉಳಿಯ ಸದ್ದಿಗೆ ಏಳು ಊರಿನ ಕೋಳಿಗಳು ಹೊತ್ತಿಗೆ ಮುಂಚೆ ಮೊಟ್ಟೆ ಇಡುತ್ತಿದ್ದವು.

ಉಳಿದದ್ದೆಲ್ಲ ಹೇಗೇ ಇರಲಿ, ಗೂಟದ ಮಾತು ಹುಡುಗಾಟದ್ದಲ್ಲ. ಚರ್ಚು ಯಾವ ಸಂತನ ಹೆಸರಿನದೋ ಆ ಸಂತನ ಹಬ್ಬದ ದಿನ ಸೂರ್ಯ ಹುಟ್ಟುವ ಕಡೆಗೇ ಅದರ ಪೂರ್ವದ ಕಿಟಕಿಯ ಮುಖವಿರಬೇಕೆಂಬುದು ನಕ್ಷೆ ಬರೆದ ಆಂಬ್ರೋಸ್ ಲೈಲ್ ಸಾಹೇಬರ ಹಟ. ಇದು ಸಂತ ಮ್ಯಾಥ್ಯೂವಿನ ಚರ್ಚು. ಹಬ್ಬ ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ. ಮೂರು ವರ್ಷದ ಹಿಂದೆ, ಅಂದು ಮುಂಜಾನೆ ಸೂರ್ಯನನ್ನು ನೋಡಿ ಚರ್ಚಿನ ನಡುಗೆರೆಗೆ ಗೂಟ ಹೊಡೆಯುವ ಕೆಲಸವನ್ನು ಜೇಬೆಜನಿಗೆ ಒಪ್ಪಿಸಿ ಅವರು ಲಂಡನ್ನಿಗೆ ಹೋಗಿದ್ದರು. ಈಗ ಗೋಡೆ ಎದ್ದು, ಚಾವಣಿ ಕೂತು, ಪೂರ್ವದ ಕಿಟಕಿಗೆ ಬಣ್ಣದ ಗಾಜೂ ಬಂದಿತ್ತು. ಬಿಷಪ್ಪರು ಚರ್ಚನ್ನು ಪವಿತ್ರಗೊಳಿಸಲು ಬರುವ ಮುನ್ನ, ಹಬ್ಬದ ಮೊದಲ ಬೆಳಕು ಕಿಟಕಿಯಿಂದ ಬಾಗಿಲವರೆಗೆ ನೆಟ್ಟಗೆ ಹರಿಯುವುದನ್ನು ಕಣ್ಣಾರೆ ನೋಡಬೇಕೆಂದು ಸಾಹೇಬರು ಹಿಂದಿನ ದಿನವೇ ಬಂದಿಳಿದರು.

"ಬೆಳಕು ನಡುವೆ ಬಿತ್ತು ಅಂದ್ರೆ, ಕೆಥೆಡ್ರಲ್ ಗೋಪುರದ ಕೆಲಸಕ್ಕೂ ನೀನೇ ಮೇಸ್ತ್ರಿ," ಎಂದರು.

ಕೆಥೆಡ್ರಲ್! ಬಿಷಪ್ಪರ ಪೀಠವಿರುವ ಮಹಾ ಚರ್ಚು! ಜೇಬೆಜನ ಅಪ್ಪ, ಅಜ್ಜ ಯಾರೂ ಹಂದಿಗೂಡಿಗಿಂತ ದೊಡ್ಡದನ್ನು ಕಟ್ಟಿದವರಲ್ಲ.

ಆ ಕ್ಷಣದಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ಹಿಡಿದು, ಹತ್ತು ಸಲ ನೋಡಿದ ಕಂಬಗಳನ್ನು ಹನ್ನೊಂದನೆಯ ಸಲ ನೋಡಿದ. ಹೊರಗೆ ಬಂದು ಆಕಾಶ ನೋಡಿದ, ಒಳಗೆ ಹೋದ, ಮತ್ತೆ ಹೊರಗೆ ಬಂದ.

"ಏನಯ್ಯಾ ಮೇಸ್ತ್ರಿ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯಲ್ಲ?" ಪಾದ್ರಿಗಳ ಮನೆಯ ಅಡುಗೆಯ ಗ್ಯಾಡಮ್ಮ ಬ್ರೆಡ್ಡು ಚೀಸಿನ ಗಂಟನ್ನು ಅವನ ಮುಂದಿಟ್ಟಳು.

"ಮೋಡ ನೋಡ್ತಿದ್ದೆ ಕಣಮ್ಮ. ನಾಳೆ ಮಳೆ ಬರೋ ಹಾಗಿದೆ."

"ಅಂಗೈಯಷ್ಟು ಮೋಡ ಇಲ್ಲ. ಸೂರ್ಯ ನಿನ್ನ ಮಾತು ಕೇಳ್ತಾನಲ್ಲ, ನಾಳೆ ರಜಾ ತಗೋ ಅಂತ ಹೇಳ್ಬಿಡು!"

ಸೂರ್ಯ ರಜೆ ಹಾಕಲಿಲ್ಲ. ಮಾರನೆಯ ಬೆಳಿಗ್ಗೆ ಸಾಹೇಬರು, ಪಾದ್ರಿಗಳು, ಗ್ಯಾಡಮ್ಮ, ಕೆಲಸದವರು ಎಲ್ಲ ಪಶ್ಚಿಮದ ಬಾಗಿಲ ಬಳಿ ನಿಂತರು. ಕಿಟಕಿ ಮೊದಲು ಕೆಂಪಾಯಿತು, ಆಮೇಲೆ ನೀಲಿ. ಬೆಳಕು ಒಳಗಿಳಿದು ನಡುದಾರಿಯಲ್ಲಿ ನಾಲ್ಕು ಮಾರು ಬಂತು. ಅಲ್ಲಿಂದ ಕುಡಿದವನ ಹಾಗೆ ಬಲಕ್ಕೆ ವಾಲಿ, ಮೂರನೆಯ ಕಂಬಕ್ಕೆ ಹೋಗಿ ಒರಗಿಕೊಂಡಿತು.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಜೇಬೆಜನಿಗೆ ಹಾಯೆನಿಸುತ್ತಿತ್ತು. ಅವರು ನಕ್ಷೆ ಬಿಡಿಸಿದರು.

"ಹಬ್ಬದ ಬೆಳಿಗ್ಗೆ ಗೂಟ ನೀನೇ ಹೊಡೆದದ್ದಲ್ವಾ, ಜೇಬೆಜ್? ಅದು ಸರಿ ಇದ್ದೂ ಹೀಗಾಯ್ತು ಅಂದ್ರೆ ನನ್ನ ನಕ್ಷೆನೇ ಸೊಟ್ಟ. ಬಿಷಪ್ಪರಿಗೆ ಬರೆದುಬಿಡ್ತೀನಿ. ಇನ್ನು ಚರ್ಚು ಕಟ್ಟೋ ಯೋಗ್ಯತೆ ನನಗಿಲ್ಲ."

ಸುಮ್ಮನಿದ್ದರೆ ಸಾಕಿತ್ತು. ಆದರೆ ಜೇಬೆಜನ ನಾಲಿಗೆ ಅವನಿಗಿಂತ ಒಂದು ಮೈಲಿ ಮುಂದೆ ನಡೆಯುವಂಥದ್ದು.

"ನಾನೇ ಸಾಹೇಬ್ರೇ! ಆ ಬೆಳಿಗ್ಗೆ ಸೂರ್ಯ ತಾಮ್ರದ ಹಂಡೆ ಹಾಗೆ ಎದ್ದ. ಇಬ್ಬನಿ ಮೇಲೆ ನನ್ನ ನೆರಳು ಮೂರು ಮೈಲಿ. ಬಾನಕ್ಕಿ ಒಂದು ಇಳಿದು ಬಂದು ಗೂಟದ ಮೇಲೇ ಕೂತು ಹಾಡ್ತು!"

"ಯಾವ ಬೆಳಿಗ್ಗೆ?" ಗ್ಯಾಡಮ್ಮ ಸೊಂಟಕ್ಕೆ ಕೈಯಿಟ್ಟಳು. "ಆ ವರ್ಷ ಮ್ಯಾಥ್ಯೂ ಹಬ್ಬದ ಹಿಂದಿನ ದಿನ ಸುಗ್ಗಿ ಊಟ. ಸೈಡರ್ ಹೆಂಡದ ಪೀಪಾಯಿ ಬರಿದು ಮಾಡಿ ನಮ್ಮ ಹುಲ್ಲುಗಾಡಿ ಕೆಳಗೆ ಗೊರಕೆ ಹೊಡೀತಿದ್ದೋರು ಯಾರಪ್ಪ? ಹಬ್ಬದ ಬೆಳಿಗ್ಗೆ ಹತ್ತು ಗಂಟೆಗೆ ನೀರು ಹುಯ್ದು ಎಬ್ಬಿಸಿದ್ದು ನಾನು. ನಿನ್ನ ಬಾನಕ್ಕಿ ಅಲ್ಲ!"

ಕೆಲಸದವರು ಗೊಳ್ಳೆಂದರು. ಸಾಹೇಬರು ನಗಲಿಲ್ಲ, ನಕ್ಷೆ ಹಿಡಿದುಕೊಂಡೇ ಜೇಬೆಜನ ಮುಖ ನೋಡಿದರು. ಜೇಬೆಜ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಹೌದು ಸಾಹೇಬ್ರೇ. ಮಲಗಿಬಿಟ್ಟೆ," ಎಂದ. "ಮಾರನೇ ದಿನ ಹೊಡೆಯೋಣ ಅಂದ್ರೆ ಮಳೆ ಹಿಡೀತು. ವಾರ ಪೂರ್ತಿ ಸೂರ್ಯನ ಮುಖ ಕಾಣ್ಲಿಲ್ಲ. ಕಂಡಾಗ ಸಂತ ಮೈಕೇಲನ ಹಬ್ಬ ಬಂದಿತ್ತು, ಮನೆಮನೇಲೂ ಹೆಬ್ಬಾತು ಬೇಯೋ ವಾಸನೆ. ಅವತ್ತು ಹೊಡ್ದೆ. ನಾಲ್ಕು ದಿನ ಹೆಚ್ಚುಕಮ್ಮಿ ಆದ್ರೆ ಸೂರ್ಯ ಎಷ್ಟು ಸರಿದಾನು ಅಂದ್ಕೊಂಡೆ. ನಿಮ್ಮ ನಕ್ಷೆ ಸೊಟ್ಟ ಇಲ್ಲ."

"ಎಷ್ಟು ದಿನ ತಡ?"

ಜೇಬೆಜ್ ಇಪ್ಪತ್ತೊಂದರಿಂದ ಮೈಕೇಲನ ಹಬ್ಬದ ಇಪ್ಪತ್ತೊಂಬತ್ತರವರೆಗೆ ಬೆರಳು ಮಡಿಚಿ ಎಣಿಸಿದ.

"ಎಂಟು," ಎಂದ. "ಕೆಥೆಡ್ರಲ್ಲಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ, ಸಾಹೇಬ್ರೇ."